ಏಕಾದಶಿಯ ನೀರು

ಹೊಸಪೇಟೆ
1-9-2024

ಚಿ. ಸೌ. ಶ್ರೀವಾಣಿಗೆ, ದೋಣಿಮಲೈ ಕ್ವಾರ್ಟರ್ಸಿನಲ್ಲಿ ಹೊಟ್ಟೆ ತುಂಬ ಉಂಡು ಕಾಲು ಚಾಚಿ ಕೂತಿರು ಎಂದು ಹರಸುವ ಅಮ್ಮನಿಂದ.

ಗೌರಿ ಹಬ್ಬಕ್ಕೆ ಬಂದು ಹಾಗೇ ಬಸುರಿಯ ಕುಬಸದ ಶಾಸ್ತ್ರವನ್ನೂ ಮಾಡಿಸಿಕೊಂಡು ಹೋಗುತ್ತೇನೆ ಎಂದಿದ್ದೆ. ಬರಬೇಡ. ಹಸಿರು ಸೀರೆ ತಂದಿಟ್ಟಾಗಿದೆ, ಆದರೂ ಬರಬೇಡ. ಐದು ತಿಂಗಳ ಬಸುರಿಯನ್ನು ತವರಿಗೆ ಕರೆಯದ ತಾಯಿ ಎಂಥವಳು ಎಂದು ನಿನ್ನ ಅತ್ತೆ ಮುಖ ಊದಿಸಿಕೊಳ್ಳಲಿ ಬಿಡು. ವಾದಿಸುವ ಶಕ್ತಿ ನನಗಿಲ್ಲ.

ನಮ್ಮ ಓಣಿಯಲ್ಲಿ ಡೆಂಗಿ. ನಲ್ಲಿ ದಿನವೂ ಬರುವುದಿಲ್ಲ, ಎಲ್ಲರ ಮನೆಯಲ್ಲೂ ಡ್ರಮ್ಮು, ಡ್ರಮ್ಮಿನಲ್ಲಿ ಹುಳ. ಹಿಂದಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಕೃಷ್ಣಾಬಾಯಿಗೂ ಬಂತು. ನನ್ನದೇ ವಯಸ್ಸು, ನನ್ನಂತೆಯೇ ಸಕ್ಕರೆ ಕಾಯಿಲೆ. ಜ್ವರ ಬಿಟ್ಟ ದಿನವೇ ಏಕಾದಶಿ. ಪುಣ್ಯಾತ್ಗಿತ್ತಿ, ಜ್ವರ ಹೋಯಿತಲ್ಲ ಎಂದು ತಲೆಗೆ ಎರೆದುಕೊಂಡು, ಹನಿ ನೀರೂ ಮುಟ್ಟದೆ ಉಪವಾಸ ಕೂತಳು. ಸಂಜೆಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಓಣಿಯವರು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಬೈದರಂತೆ: “ಜ್ವರ ಇಳಿದ ಮ್ಯಾಲೇ ಭಾಳ ಹುಷಾರಿರಬೇಕ್ರಿ. ನೀರೂ ಕುಡೀಲಿಲ್ಲಂದ್ರ ಬಿಪಿ ಬೀಳ್ತೈತಿ. ಮೊದ್ಲೇ ಶುಗರ್ ಬ್ಯಾರೆ.” ನರ್ಸು ದುರ್ಗಾ, “ಒಂದು ಲೋಟ ನೀರಿಗೆ ಕೃಷ್ಣ ಸಿಟ್ಟಾಗ್ತಾನೇನ್ರಿ ಅವ್ವಾ?” ಎಂದು ಕೇಳಿದಳಂತೆ.

ಆ ಡಾಕ್ಟರನ್ನೇ ನಿನ್ನ ವಿಷಯ ವಿಚಾರಿಸಿದೆ. ಪಿಯುಸಿಯಲ್ಲಿದ್ದಾಗ ನಿನಗೂ ಡೆಂಗಿ ಬಂದಿತ್ತಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಂದರೆ ಜೋರಾಗುವ ಭಯ ಹೆಚ್ಚಂತೆ, ಬಸುರಿಯಾದರೆ ಇನ್ನೂ ಹೆಚ್ಚಂತೆ. “ಸದ್ಯಕ್ಕ ಬರಾದು ಬ್ಯಾಡ ಅನ್ರಿ” ಎಂದರು. ಅಲ್ಲಿಯೂ ಹಗಲು ಮಲಗಿದರೆ ಸೊಳ್ಳೆ ಪರದೆ ಕಟ್ಟಿಕೋ. ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗದೆ ಆಸ್ಪತ್ರೆಗೆ ನಡೆ.

ಸಾಕಾಗಿದೆ ಮಗಳೇ. ನಿನಗೆ ಉಡಿ ತುಂಬುವ ಆಸೆ ನಿನಗಿಂತ ನನಗೇ ಜಾಸ್ತಿ ಇತ್ತು.

ನಿನ್ನ
ಅಮ್ಮ

ತಾ.ಕ.: ಕೃಷ್ಣಾಬಾಯಿ ಎಂಬುವವಳು ಯಾರೂ ಇಲ್ಲ. ಹಿಂದಿನ ಮನೆಗೆ ಇನ್ನೂ ಬೀಗವೇ ಇದೆ. ನನ್ನ ಎಡಗೈಗೆ ಸಲೈನ್ ಹಾಕಿದ್ದಾರೆ, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನನ್ನ ದನಿ ಕೇಳಿಯೇ ಹಿಡಿದುಬಿಡುತ್ತಿದ್ದೆ. ಮುಚ್ಚಿಡಬೇಕೆಂದಿದ್ದೆ, ಆದರೆ ಯಾರದೋ ಕಥೆ ಎಂದು ನೀನು ನಕ್ಕು ಬಸ್ಸು ಹತ್ತಿಬಿಟ್ಟರೆ? ಬಿಪಿ ಈಗ ಸರಿಹೋಗಿದೆ, ನೋಡಲು ಓಡಿ ಬರಬೇಡ. ಈ ಸಲ ಕುಬಸ ನೀನು ಬಿಡು, ಏಕಾದಶಿ ನಾನು ಬಿಡುತ್ತೇನೆ. ದುರ್ಗಾ ಲೋಟ ಹಿಡಿದು ನಿಂತಿದ್ದಾಳೆ, ಕುಡಿಯುತ್ತೇನೆ.