ಎರಡು ಕೋಣೆಗಳ ಹನಿಮೂನು

ಮೇ ೧೪, ಮಂಗಳವಾರ
ಬಸ್ ಡಿಪೋ ಎದುರು, ಮೂರನೇ ಮಹಡಿ

ಪುಟ್ಟೀ,

ಆಶೀರ್ವಾದಗಳು. ಇದಕ್ಕಿಂತ ಸಿಹಿಯಾದ ಮಾತು ಈ ಕಾಗದದಲ್ಲಿ ಸಿಗಲಿಕ್ಕಿಲ್ಲ, ಕೂತುಕೊಂಡೇ ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು "ಅಮ್ಮಾ, ಒಂದು ನಿಮಿಷ ಕೇಳು" ಅಂತ ಶುರು ಮಾಡುತ್ತೀಯ. ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ ನನ್ನ ಸಿಟ್ಟೆಲ್ಲ ಇಳಿದು, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಿ ಫೋನ್ ಇಡುತ್ತೇನೆ. ಈ ಸಲ ಇಳಿಸಿಕೊಳ್ಳುವ ಮನಸ್ಸು ನನಗಿಲ್ಲ, ಅದಕ್ಕೇ ಕಾಗದದಲ್ಲಿ ಬರೆದು ಅದರ ಫೋಟೋ ನಿನ್ನ ಫೋನಿಗೆ ಕಳಿಸುತ್ತಿದ್ದೇನೆ.

ಯುರೋಪಿಗೆ ಹನಿಮೂನು ಹೋಗುತ್ತೇವೆ ಅಂತ ನಾನು ಹೇಳಿದಾಗ ನೀನು ನಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. "ಹೋಟೆಲ್ ಹುಡುಕೋದು ನನಗೆ ಬಿಡಮ್ಮ, ಕಮ್ಮಿ ಬಾಡಿಗೆ, ಒಳ್ಳೇ ಏರಿಯಾ, ಎರಡೂ ನೋಡಿ ಬುಕ್ ಮಾಡ್ತೀನಿ" ಅಂದೆ. ನನಗೆ ಕಣ್ಣು ತುಂಬಿ ಬಂತು. ಇಪ್ಪತ್ತೆಂಟು ವರ್ಷ ಲಾಡ್ಜಿನಲ್ಲಿ ಕೋಣೆಗಳ ಉಸ್ತುವಾರಿ ಮಾಡಿದವಳು ನಾನು. ಕಂಡವರ ಹನಿಮೂನಿಗೆಲ್ಲ ಹಾಸಿಗೆ ಹಾಸಿದ್ದೇನೆ, ದಿಂಬಿನ ಕವರು ಬದಲಾಯಿಸಿದ್ದೇನೆ. ನಿನ್ನ ಹನಿಮೂನಿಗೂ ಅಷ್ಟೇ. ನೀನು ಹೋಗಬೇಕಿದ್ದ ಹೋಟೆಲಿನ ಕೆಲಸದವಳಿಗೇ ಫೋನ್ ಮಾಡಿ, ನೀರು ಬಿಸಿ ಬರುತ್ತದಾ, ಕಿಟಕಿ ತೆರೆಯುತ್ತದಾ, ಪಕ್ಕದಲ್ಲಿ ಗಲಾಟೆ ಇಲ್ಲ ತಾನೇ ಅಂತ ವಿಚಾರಿಸಿ ಆಮೇಲೆ ಹೂಂ ಅಂದವಳು. ಈಗ ಮಗಳು ನನಗೋಸ್ಕರ ಅದನ್ನೇ ಮಾಡುತ್ತಿದ್ದಾಳೆ ಅಂದುಕೊಂಡೆ. ಎಂಥ ಪೆದ್ದಿ ನಾನು!

ಮೊದಲ ಊರಿನ ಹೋಟೆಲಿನ ಬಗ್ಗೆ ನಾನು ನಿನಗೆ "ಚೆನ್ನಾಗಿದೆ" ಅಂತ ಬರೆದಿದ್ದೆ. ಸುಳ್ಳು. ಕಿಟಕಿ ತೆರೆದರೆ ಎದುರಿಗೆ ಆಸ್ಪತ್ರೆ, ಹೋಟೆಲೂ ಅದರದ್ದೇ. ಹೊತ್ತುಹೊತ್ತಿಗೆ ಆಂಬುಲೆನ್ಸಿನ ಕೂಗು. ಎರಡು ಒಂಟಿ ಮಂಚ, ಎರಡನ್ನೂ ನೆಲಕ್ಕೆ ತಿರುಪು ಹಾಕಿ ಬಿಗಿದಿದ್ದರು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಪಕ್ಕದಲ್ಲಿ ಒಂದು ಕೆಂಪು ದಾರ. ಇವರು ಅದು ದೀಪದ್ದು ಅಂದುಕೊಂಡು ಎಳೆದರು ನೋಡು, ಬಿಳಿ ಕೋಟು ಹಾಕಿಕೊಂಡ ಹೆಂಗಸೊಬ್ಬಳು ರಕ್ತದೊತ್ತಡ ನೋಡುವ ಯಂತ್ರ ಹಿಡಿದುಕೊಂಡು ಓಡಿಬಂದಳು. ಇವರು ಟವೆಲು ಸುತ್ತಿಕೊಂಡು ನಿಂತಿದ್ದರು. ಅವಳು ಬಿಡಲಿಲ್ಲ, ಹಾಗೇ ಕೂರಿಸಿ ನೋಡಿದಳು. "ನಾರ್ಮಲ್" ಅಂದಳು. ನಾವಿಬ್ಬರೂ ಆ ಮಾತಿಗೇ ನಕ್ಕೆವು. ಊಟಕ್ಕೆ ಹೋದರೆ ಎಲ್ಲ ಮೇಜಿನಲ್ಲೂ ರೋಗಿಗಳ ಕಡೆಯವರು. ಆಗಲೂ ನಾನು ನಿನ್ನನ್ನು ಬಿಟ್ಟುಕೊಡಲಿಲ್ಲ. ಕಮ್ಮಿ ಬಾಡಿಗೆಗೆ ಹುಡುಕಿದ್ದಾಳೆ, ಪಾಪ, ದೂರದಲ್ಲಿ ಕೂತು ಏನು ಗೊತ್ತಾಗುತ್ತದೆ ಅಂದುಕೊಂಡೆ.

ಎರಡನೇ ಊರಿಗೆ ಬಂದೆವು. ಕೌಂಟರಿನ ಹುಡುಗಿ ನಮ್ಮ ಮುಂದೆ ಎರಡು ಕೀಲಿ ಇಟ್ಟಳು. ಒಂದು ಎರಡನೇ ಮಹಡಿಯದು, ಇನ್ನೊಂದು ಐದನೇ ಮಹಡಿಯದು. ತಪ್ಪಾಗಿದೆ ಅಂದೆ. ಇಲ್ಲ ಅಂದಳು. ನಾನು ಬಿಡಲಿಲ್ಲ. ಅವಳು ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿದಳು. ಬುಕಿಂಗ್ ಹಾಳೆ ಓದುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಳಗೆ, ಗಿರಾಕಿಗಳು ವಿಶೇಷ ಸೂಚನೆ ಬರೆಯುವ ಜಾಗದಲ್ಲಿ, ನೀನು ಬರೆದಿದ್ದೆ: ವಯಸ್ಸಾದ ಅಣ್ಣ ಮತ್ತು ತಂಗಿ. ದಯವಿಟ್ಟು ಬೇರೆ ಬೇರೆ ಕೋಣೆ ಕೊಡಿ.

ಅಣ್ಣ, ತಂಗಿ!

ನಮ್ಮ ಮದುವೆಯ ಕಾಗದಕ್ಕೆ ಸಾಕ್ಷಿ ಹಾಕಿದವಳು ನೀನು. ನನ್ನ ಹೆಸರಿನ ಕೆಳಗೆ ನಿನ್ನ ಸಹಿ ಇದೆ, ಇಂಗ್ಲಿಷಿನಲ್ಲಿ, ಬಾಲ ಎಳೆದು. ಆ ಶಾಯಿ ಒಣಗುವ ಮೊದಲು ಅದೇ ಕೈಯಿಂದ ಇದನ್ನು ಟೈಪ್ ಮಾಡಿದೆಯಾ? ನಿನ್ನ ಅತ್ತೆ ಮನೆಯಲ್ಲಿ "ಅಮ್ಮ ಹಿರಿಯ ನಾಗರಿಕರ ಜೊತೆ ಟೂರು ಹೋಗಿದ್ದಾರೆ" ಅಂತ ಹೇಳಿದ್ದೀಯಂತೆ. ಹೊರಡುವ ಹಿಂದಿನ ದಿನ ನಿನ್ನ ನಾದಿನಿ ಫೋನ್ ಮಾಡಿ, ಗುಂಪಿನಲ್ಲಿ ಎಷ್ಟು ಜನ ಇದ್ದೀರಿ ಅಂತ ಕೇಳಿದಳು. ಅಲ್ಲಿ ನಿನಗೆ ಮುಜುಗರ, ಒಪ್ಪಿದೆ. ಆದರೆ ನಮ್ಮ ಹೆಸರು ಕೇಳಿದವರೇ ಇಲ್ಲದ ಈ ಊರಿನಲ್ಲಿ ಯಾರಿಗೆ ಹೆದರಿದೆ, ಹೇಳು? ಇಲ್ಲಿ ಅಪ್ಪನ ಅಣ್ಣತಮ್ಮಂದಿರಿದ್ದಾರಾ? ನಿನ್ನ ಆಫೀಸಿನವರಿದ್ದಾರಾ? ಯಾರಿಗೂ ಗೊತ್ತಾಗದ ಕಡೆಯೂ ನಾವು ಗಂಡ ಹೆಂಡತಿ ಆಗಿರಬಾರದು ಅಂದರೆ, ಇದು ಜನರ ಭಯ ಅಲ್ಲ ಪುಟ್ಟೀ. ನಿನಗೇ ಬೇಡ, ಅಷ್ಟೇ. ಅದನ್ನು ಮುಖಕ್ಕೆ ಹೇಳಬೇಕಿತ್ತು. ಅಮ್ಮಾ, ನನಗೆ ಇದು ಸೇರುವುದಿಲ್ಲ ಅನ್ನಬೇಕಿತ್ತು. ಅತ್ತಿದ್ದರೆ ಜೊತೆಗೆ ಅಳುತ್ತಿದ್ದೆ. ನಿನ್ನಪ್ಪ ಹೋದ ಮೇಲೆ ನಿನ್ನ ಮದುವೆಯವರೆಗೆ ಹತ್ತೊಂಬತ್ತು ವರ್ಷ ನಾವಿಬ್ಬರೂ ಒಂದೇ ಹೊದಿಕೆಯಲ್ಲಿ ಮಲಗಿದವರು, ನಿನ್ನ ದುಃಖ ನನಗೆ ಅರ್ಥವಾಗುವುದಿಲ್ಲವಾ? ಆದರೆ ನಗುನಗುತ್ತಾ ಸಹಿ ಹಾಕಿ, ಬೆನ್ನ ಹಿಂದೆ ಎರಡು ಮಹಡಿಗೆ ನಮ್ಮನ್ನು ಹಂಚಿದ್ದೀಯಲ್ಲ, ಇದನ್ನು ನಾನು ಹೇಗೆ ನುಂಗಲಿ?

ಇವರಿಗೆ ಆ ಹಾಳೆ ತೋರಿಸಲಿಲ್ಲ. ಮಡಚಿ ಬ್ಯಾಗಿಗೆ ಹಾಕಿಕೊಂಡು, ಹೋಟೆಲಿನವರ ತಪ್ಪು ಅಂದೆ. "ಇರಲಿ ಬಿಡಿ ಮೇಡಂ, ನನ್ನ ಗೊರಕೆಯಿಂದ ನಿಮಗೂ ಒಂದೆರಡು ದಿನ ರಜಾ" ಅಂತ ನಕ್ಕರು. ಇವರು ಓಡಿಸುತ್ತಿದ್ದ ಬಸ್ಸು ಹತ್ತಿ ನಾನು ಕೆಲಸಕ್ಕೆ ಹೋಗುತ್ತಿದ್ದ ಕಾಲದಿಂದಲೂ ನನ್ನನ್ನು ಮೇಡಂ ಅಂತಲೇ ಕರೆಯುವುದು, ಮದುವೆಯಾದರೂ ಬಿಟ್ಟಿಲ್ಲ. ಎರಡು ಕೀಲಿಯನ್ನೂ ನಾನು ಹಿಂದಕ್ಕೆ ತಳ್ಳಿದೆ. ಒಂದೇ ಕೋಣೆ ಕೊಡಿ ಅಂದೆ. ಖಾಲಿ ಇಲ್ಲ ಅಂದಳು. ಹಾಗಾದರೆ ಎರಡೂ ಬೇಡ ಅಂದು ಪೆಟ್ಟಿಗೆ ಎಳೆದುಕೊಂಡು ಬೀದಿಗೆ ಬಂದುಬಿಟ್ಟೆ.

ಇವರು ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ನಕ್ಷೆಯ ಮುಂದೆ ಕನ್ನಡಕ ಏರಿಸಿ ನಿಂತರು. ಎಲ್ಲ ಗೆರೆಗಳೂ ಸೇರುವ ಒಂದು ಚುಕ್ಕಿಯ ಮೇಲೆ ಬೆರಳಿಟ್ಟು, "ಇದು ಡಿಪೋ. ಡ್ರೈವರ್‌ಗಳು ಡ್ಯೂಟಿ ಬದಲಾಯಿಸೋ ಕಡೆ ಊಟ ಅಗ್ಗ, ಜನ ಒಳ್ಳೆಯವರು, ಹೊತ್ತು ಮೀರಿದರೂ ಬೀದಿ ಖಾಲಿ ಆಗಲ್ಲ. ನಡೀರಿ" ಅಂದರು. ಏರಿಯಾ ಹುಡುಕುವುದು ಅವರ ಕೆಲಸ, ಕೋಣೆ ಹುಡುಕುವುದು ನನ್ನದು. ನಿನ್ನ ಕಂಪ್ಯೂಟರಿಗೆ ಇದು ಗೊತ್ತಿರಲಿಲ್ಲ ನೋಡು.

ಮೂರು ಕಡೆ ನೋಡಿದೆವು. ಮೊದಲನೆಯದರಲ್ಲಿ ಮೇಲುಹಾಸು ಇಸ್ತ್ರಿ ಮಾಡಿ ಲಕಲಕ ಅನ್ನುತ್ತಿತ್ತು, ಮೂಲೆ ಎತ್ತಿದರೆ ಹಾಸಿಗೆ ತುಂಬ ಕಲೆ. ಎರಡನೆಯದರಲ್ಲಿ ಕಿಟಕಿಗೆ ಮೊಳೆ ಹೊಡೆದಿದ್ದರು. ಮೂರನೆಯದು ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಆದರೆ ಬಚ್ಚಲ ಜಾಲರಿಯಲ್ಲಿ ಒಂದು ಕೂದಲಿಲ್ಲ, ನಲ್ಲಿ ತಿರುಗಿಸಿ ಹತ್ತು ಎಣಿಸುವಷ್ಟರಲ್ಲಿ ಬಿಸಿನೀರು ಬಂತು. ಬಾಡಿಗೆ ನಿನ್ನ ಎರಡು ಕೋಣೆಯದರಲ್ಲಿ ಅರ್ಧಕ್ಕಿಂತ ಕಡಿಮೆ.

ಮನೆಯೊಡತಿ ನನ್ನದೇ ವಯಸ್ಸಿನವಳು. ಮದುವೆಯಾಗಿ ಎಷ್ಟಾಯಿತು ಅಂತ ಕೈಸನ್ನೆಯಲ್ಲೇ ಕೇಳಿದಳು. ಇವರು ಹತ್ತು ಬೆರಳು ತೋರಿಸಿ, ಮೇಲೊಂದು ತೋರಿಸಿದರು. ಹನ್ನೊಂದು ವರ್ಷವಾ ಅಂತ ತಲೆದೂಗಿದಳು. ಇವರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಒಂದೊಂದೇ ದಿನವನ್ನು ಬೆರಳಿನಿಂದ ಮುಟ್ಟುತ್ತಾ ಎಣಿಸಿದರು. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ಹತ್ತಿರವಿದ್ದ ಒಳ್ಳೆಯ ಮೇಲುಹಾಸು ತಂದಳು. ಹಾಸಲು ನಾನು ಕೈ ಹಾಕಿದರೆ ಬಿಡಲಿಲ್ಲ, ಕುರ್ಚಿ ತೋರಿಸಿ ಕೂರಿಸಿದಳು. ಇಪ್ಪತ್ತೆಂಟು ವರ್ಷದಲ್ಲಿ ನನಗೋಸ್ಕರ ಬೇರೆಯವರು ಹಾಸಿಗೆ ಹಾಸಿದ್ದನ್ನು ಕೂತು ನೋಡಿದ್ದು ಅದೇ ಮೊದಲು. ಒಬ್ಬ ಪರದೇಶದ ಹೆಂಗಸು ಮಾಡಿದಳು ಅದನ್ನು. ನೀನು ಮಾಡಬೇಕಿತ್ತು.

ಮೂರನೇ ಊರಿನ ನಿನ್ನ ಹೋಟೆಲನ್ನು ಇಂದೇ ರದ್ದು ಮಾಡು. ನಾವು ಹೋಗುವುದಿಲ್ಲ, ಉಳಿದ ದಿನವೂ ಇಲ್ಲೇ. ನಿನ್ನ ಅತ್ತೆಗೆ ನಿಜ ಹೇಳು. ನೀನು ಹೇಳದಿದ್ದರೆ ಬಂದ ಮೇಲೆ ನಾನೇ ಹೇಳುತ್ತೇನೆ, ಫೋಟೋ ಸಮೇತ. ವಿಮಾನ ನಿಲ್ದಾಣಕ್ಕೆ ಬರುವುದಾದರೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಲು ಬಾ. ನನ್ನೊಬ್ಬಳನ್ನಾದರೆ ಬರಬೇಡ, ನಮಗೆ ಬಸ್ಸು ಗೊತ್ತಿದೆ. ಇವರನ್ನು ಅಪ್ಪ ಅನ್ನು ಅಂತ ನಾನು ಕೇಳುತ್ತಿಲ್ಲ, ಎಂದೂ ಕೇಳುವುದಿಲ್ಲ. ಆದರೆ ಮಾಮ ಅನ್ನಬೇಡ. ನನಗೆ ಅಣ್ಣ ಇಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಅಮ್ಮ

ತಾ.ಕ.: ಇಷ್ಟೆಲ್ಲ ಬರೆದು ಇದನ್ನು ಮುಚ್ಚಿಟ್ಟರೆ ನನಗೂ ನಿನಗೂ ವ್ಯತ್ಯಾಸ ಇರುವುದಿಲ್ಲ. ಎರಡನೇ ಊರಿಗೆ ರೈಲಿನಲ್ಲಿ ಬರುವಾಗ, ನಿನ್ನ ಆ ಹಾಳೆ ನೋಡುವ ಮೊದಲು, ಎದುರು ಸೀಟಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ನಿನ್ನದೇ ವಯಸ್ಸು, ನಿನ್ನ ಹಾಗೇ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಇವರು ನಿಮ್ಮ ಯಜಮಾನರಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಅಲ್ಲ, ನನ್ನ ಅಣ್ಣ ಅಂದುಬಿಟ್ಟೆ. ಯಾಕೆ ಅಂದೆನೋ ನನಗೆ ಈಗಲೂ ತಿಳಿಯದು. ಇವರು ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಒರಗಿದ್ದರು. ನಿನ್ನೆ ಬೆಳಿಗ್ಗೆ ಕಾಫಿ ಕುಡಿಯುವಾಗ ಧೈರ್ಯ ಮಾಡಿ ಹೇಳಿ, ತಪ್ಪಾಯಿತು ಅಂದೆ. "ಹೌದಾ? ನಾನು ಆಗ ಒಳ್ಳೇ ನಿದ್ದೆಯಲ್ಲಿದ್ದೆ ಮೇಡಂ" ಅಂದರು. ಪುಟ್ಟೀ, ಮೂವತ್ತೆರಡು ವರ್ಷ ಬಸ್ಸು ಓಡಿಸಿದ ಮನುಷ್ಯ ಅವರು. ಓಡುವ ಗಾಡಿಯಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ.