ಬೂದನಿಗೆ ಹುಚ್ಚು ಹಿಡಿದಿರಲಿಲ್ಲ

ಜಾನುವಾರು ಲಸಿಕೆಯ ಹೊಣೆ ಹೊತ್ತ ಮಾನ್ಯರೇ,

ನಮ್ಮ ನಾಯಿ ಬೂದನನ್ನು ಹುಚ್ಚು ಹಿಡಿದಿದೆಯೆಂದು ಹಟ್ಟಿಯವರು ದೊಣ್ಣೆಯಿಂದ ಬಡಿದು ಕೊಂದರು. ಅವನಿಗೆ ಹುಚ್ಚು ಹಿಡಿದಿರಲಿಲ್ಲ. ಬಡಿದವರು ಅವರೇ ಆದರೂ ಆ ಸಾವಿನಲ್ಲಿ ನಿಮ್ಮ ಪಾಲೂ ಇದೆ ಎಂದು ಪತ್ರಿಕೆಯಲ್ಲೇ ಎಲ್ಲರೆದುರು ಹೇಳಲು ಈ ಪತ್ರ.

ನಾವು ಕೊಂಡ್ಲಹಳ್ಳಿ ಹತ್ತಿರ ಕುರಿ ಸಾಕುವವರು. ಬೂದ ಮಂದೆ ಕಾಯುವ ಎಳೆಯ ನಾಯಿ. ಮೊದಲು ಅವನ ಕಣ್ಣು, ಮೂಗು ಸೋರಿತು, ಕೆಮ್ಮು ಬಂತು. ಆಮೇಲೆ ಅಂಗಾಲು ಒರಟಾಗಿ ಗಟ್ಟಿಯಾಯಿತು. ಎಳೆ ನಾಯಿಯ ಅಂಗಾಲು ಗಟ್ಟಿಯಾದರೆ ಅದು ಅಡವಿಗೆ ಪಳಗಿತೆಂದೇ ನಮ್ಮಲ್ಲಿ ಲೆಕ್ಕ. ನನ್ನ ಮಾವ ಜಯದೇವಪ್ಪನವರು ಅವನ ಕಾಲೆತ್ತಿ ತೋರಿಸಿ, “ನೋಡಮ್ಮ ರೂಪ, ಪಾದ ಪಳಗೈತೆ. ಇನ್ನು ಜಾಲಿಮುಳ್ಳು ನಾಟಂಗಿಲ್ಲ” ಎಂದು ಹಿಗ್ಗಿದರು.

ಕೆಮ್ಮು ನಿಲ್ಲದ್ದರಿಂದ ನಾನು ಅವನನ್ನು ನಿಮ್ಮಲ್ಲಿಗೆ ಕರೆತಂದೆ. “ನಾಯಿ ನಮ್ಮ ಪಟ್ಟಿಗೆ ಬರಲ್ಲಮ್ಮ. ಕುರಿಗೇನಾದ್ರೂ ಆದ್ರೆ ಬಾ” ಎಂದಿರಿ. ಸರಿ ಸ್ವಾಮಿ, ತಮ್ಮ ಪಟ್ಟಿ ದೊಡ್ಡದು. ಆದರೆ ನಾಯಿಯಿಲ್ಲದ ಮಂದೆಗೆ ತೋಳ ನುಗ್ಗಿದರೆ ಅಡ್ಡ ನಿಲ್ಲುವುದು ಆ ಪಟ್ಟಿಯೇ? ನೀವು ಲಸಿಕೆ ಹಾಕಿದ ಕುರಿಯೆಂದು ತೋಳ ವಾಪಸು ಹೋಗುತ್ತದೆಯೇ?

ಮುಂದೆ ಅವನ ಕಾಲು ಅದುರತೊಡಗಿತು, ಬಾಯಲ್ಲಿ ನೊರೆ ಬಂತು, ದೊಣ್ಣೆಗಳೂ ಬಂದವು. ಮಾವನ ಕೈಗೆ ಅವನ ಜೊಲ್ಲು ತಾಗಿತ್ತೆಂದು ಹೆದರಿ, ಚಳ್ಳಕೆರೆಯ ಶರೀಫ್ ಸಾಬರ ಟೆಂಪೋದಲ್ಲಿ ಶವವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದೆವು. ಅಲ್ಲಿಯ ಡಾಕ್ಟರಮ್ಮ ಫೋನಿನಲ್ಲಿ, “ಹುಚ್ಚಲ್ಲಮ್ಮ, ಡಿಸ್ಟೆಂಪರ್ ಅಂತ ನಾಯಿಯಿಂದ ನಾಯಿಗೆ ಅಂಟೋ ರೋಗ, ಮನುಷ್ಯರಿಗೆ ಬರಲ್ಲ. ಆ ವೈರಸ್ಸೇ ಶ್ವಾಸಕೋಶ ಗಟ್ಟಿ ಮಾಡಿದೆ, ಮಿದುಳಿನ ನರಗಳ ಹೊದಿಕೆ ತಿಂದಿದೆ. ಅಂಗಾಲಿನ ಚರ್ಮ ದಪ್ಪ ಆಗಿದ್ದೂ ಅದರಿಂದಲೇ. ಮೊದಲೇ ಲಸಿಕೆ ಬಿದ್ದಿದ್ದರೆ ಉಳೀತಿತ್ತೇನೋ” ಎಂದರು. ಮಾವ ಅವತ್ತು ಊಟ ಮಾಡಲಿಲ್ಲ. ರೋಗವನ್ನೇ ಮುಟ್ಟಿ ನೋಡಿ ಮೆಚ್ಚಿಕೊಂಡೆನಲ್ಲ ಎಂಬ ಸಂಕಟ ಅವರದು. ನೀವು ಮುಟ್ಟಿಯೂ ನೋಡಲಿಲ್ಲ. ನನಗೆ ನಿಮ್ಮ ಮೇಲೆ ಇರುವ ಸಿಟ್ಟು ದೊಣ್ಣೆ ಹಿಡಿದವರ ಮೇಲೂ ಇಲ್ಲ.

ಬೂದನ ತಾಯಿ ಇನ್ನೂ ನಮ್ಮಲ್ಲಿದ್ದಾಳೆ. ಅವಳನ್ನೂ ಮುಗಿಸಬೇಕೆಂದು ಹಟ್ಟಿಯಲ್ಲಿ ಮಾತು ನಡೆದಿದೆ. ಹುಚ್ಚಲ್ಲವೆಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಅಧಿಕಾರಿ ಹೇಳಿದರೆ ನಂಬುತ್ತಾರೆ. ಅದು ನಿಮ್ಮ ಪುಣ್ಯ. ಆದ್ದರಿಂದ ನೀವೇ ಬಂದು ಎಲ್ಲರೆದುರು ಹೇಳಬೇಕು, ಅವಳಿಗೆ ಔಷಧಿ ಕೊಡಬೇಕು, ಸುತ್ತಲ ಹಟ್ಟಿಗಳ ನಾಯಿಗಳಿಗೆ ಲಸಿಕೆ ಹಾಕಿಸಬೇಕು. ಇವತ್ತು ಬೆಳಿಗ್ಗೆಯಿಂದ ಅವಳ ಕಣ್ಣೂ ಸೋರುತ್ತಿದೆ. “ಯಾರ ಮುಂದೂ ಅನ್ನಬ್ಯಾಡಮ್ಮ” ಎಂದಿದ್ದಾರೆ ಮಾವ. ಅನ್ನದೆ ನಿಮ್ಮನ್ನು ಕರೆಸುವುದು ಹೇಗೆ? ಇದು ಪತ್ರಿಕೆಯಲ್ಲಿ ಬಂದ ದಿನ ನಮ್ಮ ಹಟ್ಟಿಯವರೂ ಓದುತ್ತಾರೆ. ಅವರ ದೊಣ್ಣೆಗಿಂತ ಮುಂಚೆ ನೀವು ಬನ್ನಿ.

ಇಂತಿ,
ತಮ್ಮ ಲೆಕ್ಕಕ್ಕೆ ಬಾರದ ಪ್ರಾಣಿ ಸಾಕಿದ ತಪ್ಪಿಗೆ,
ರೂಪ