ನಂಬರ್ ಬದಲಿಸಿ

ಜೂನ್ 3, ಸೋಮವಾರ
ಸಮಸ್ತ ಮನುಕುಲಕ್ಕೆ ತಿಳಿಯಪಡಿಸುವುದೇನೆಂದರೆ — ‘ಹಂದರ’ದಲ್ಲಿ ಇಂದಿನಿಂದ ಸಹಾಯದ ಬಟನ್ ಹಸಿರು! ಹಂದರ ನಾನೇ ಬರೆದ ಟೂಲ್. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಹೊಸ ಮೊಬೈಲ್ ಆ್ಯಪ್‌ನ ಆರಂಭದ ಕೋಡೆಲ್ಲ ಸಿದ್ಧ, ಸಹಾಯದ ಬಟನ್ ಮತ್ತು ಅದರ ನಂಬರ್ ಸಮೇತ. ಬಟನ್ ಒತ್ತಿದೆ. ಅಕ್ಕನ ಹೊಲಿಗೆ ಅಂಗಡಿಗೆ ಕರೆ ಹೋಯಿತು. ಪರೀಕ್ಷೆಗೆಂದು ಹಾಕಿದ ನಂಬರ್ — ಮೊದಲ ರಿಂಗಿಗೇ ಎತ್ತುವವಳು ಜಗತ್ತಿನಲ್ಲಿ ಅವಳೊಬ್ಬಳೇ. ಕೋಡ್ ತಯಾರಾದ ಮೇಲೆ ಕೆಂಪಕ್ಷರದಲ್ಲಿ ಎಚ್ಚರಿಕೆಯೂ ಬರುತ್ತದೆ: ನಂಬರ್ ಬದಲಿಸಿ.

ಜೂನ್ 20
ಅಕ್ಕನ ಫೋನು. “ಲೋ, ನಾನು ಬಟ್ಟೆ ಹೊಲಿಯೋಳಾ, ಬಸ್ ಕಂಡಕ್ಟರಾ? ಬೆಳಿಗ್ಗೆಯಿಂದ ಒಂದೇ ಸಮ, ಬಸ್ ಎಲ್ಲಿ ಬಂತು ಅಂತ ಕೇಳ್ತಾರಲ್ಲೋ!”

ಮೊನ್ನೆ ತಾನೇ ಜನರ ಕೈಗೆ ಹೋದ ಬಸ್ ಆ್ಯಪ್... ಹಂದರದಿಂದ ಹುಟ್ಟಿದ್ದು. ಅದನ್ನು ಮಾಡಿದವನು ನಮ್ಮ ಆಫೀಸಿನ ಹುಡುಗ, ನಾನು ‘ಅವಸರ’ ಎಂದು ಹೆಸರಿಟ್ಟವನು.

“ಕೆಂಪಕ್ಷರ ಓದಲಿಲ್ವೇನಯ್ಯಾ?”

“ಕೆಂಪಗಿತ್ತಲ್ಲ ಸರ್, ಎರರ್ ಅಂದ್ಕೊಂಡೆ. ಎರರ್ ಯಾರು ಓದ್ತಾರೆ?”

ಅಂಗಾಲಿಂದ ನೆತ್ತಿಯವರೆಗೆ ಉರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಜೂನ್ 21
ಮ್ಯಾನೇಜರ್ ಮಹಾಶಯರಲ್ಲಿ ಅಹವಾಲು ಸಲ್ಲಿಸಿದೆ. ಶಾಲೆಯ ಯೂನಿಫಾರಂ ಆರ್ಡರ್‌ಗೆಂದು ಹೆಡ್ ಮಿಸ್ ಅಕ್ಕನಿಗೆ ಫೋನ್ ಮಾಡುವವರಿದ್ದಾರೆ. ಕೈತಪ್ಪಿದರೆ ವರ್ಷದ ಕೆಲಸವೇ ಹೋದಂತೆ. ಲೈನು ಸದಾ ಬಿಜಿ.

“ಮುಂದಿನ ರಿಲೀಸಲ್ಲಿ ನೋಡೋಣ ಬಿಡಿ. ಇಲ್ಲಿವರೆಗೆ ಆಫೀಸಿಗೆ ಒಂದೂ ದೂರು ಬಂದಿಲ್ಲ.”

ಬಂದೀತು ಹೇಗೆ? ದೂರೆಲ್ಲ ಅಕ್ಕನಿಗೇ ಹೋಗುತ್ತಿವೆಯಲ್ಲ ಸ್ವಾಮಿ!

ಸಾಲದ್ದಕ್ಕೆ ಮೀಟಿಂಗಿನಲ್ಲಿ ಗ್ರಾಹಕರ ವಿಮರ್ಶೆ ಓದಿದರು: “ಆ್ಯಪ್ ಸುಮಾರು. ಸಹಾಯವಾಣಿಯ ಮೇಡಂ ಮಾತ್ರ ಬಂಗಾರ. ಐದು ಸ್ಟಾರ್.” ಚಪ್ಪಾಳೆ. ಅವಸರ ಎದ್ದು ನಿಂತು ಕೈ ಮುಗಿದ!

ಜೂನ್ 26
ಕಾಡಿ, ಕೂಗಾಡಿ, ಸರಿಪಡಿಸಿದ ಆ್ಯಪನ್ನು ಇಂದು ಬಿಡುಗಡೆ ಮಾಡಿಸಿದೆ. ಆದರೆ ಹಳೆಯದು ಜನರ ಫೋನಿನಲ್ಲಿ ಕೂತಿದೆಯಲ್ಲ... ಅಂಗಡಿಗೆ ಓಡಿದೆ. ಹೊಲಿಗೆ ಯಂತ್ರ ನಿಂತಿತ್ತು. ಅಕ್ಕ ಫೋನಿನಲ್ಲಿ — “ಎದುರುಗಡೆ ನಿಂತ್ಕೊಳ್ಳಿ ಅಜ್ಜಾ, ಈ ಕಡೆ ಬರಲ್ಲ ಅದು.”

“ಯಾಕೆ ಎತ್ತುತ್ತೀಯೇ? ಸುಮ್ಮನೆ ಬಿಡಬಾರದಾ?”

“ಹೆಡ್ ಮಿಸ್ ಯಾವ ನಂಬರಿಂದ ಮಾಡ್ತಾರೋ ಗೊತ್ತೇನೋ ನಿಂಗೆ? ನಾಳೆ ಮಧ್ಯಾಹ್ನದೊಳಗೆ ಹೇಳ್ತೀನಿ ಅಂದಿದಾರೆ. ಎತ್ತದೆ ಹೇಗೋ ಬಿಡ್ಲಿ?”

ಮತ್ತೆ ರಿಂಗಾಯಿತು. ಬಸ್ಸೇ.

ಈ ಡೈರಿ ಅಕಸ್ಮಾತ್ ಯಾರ ಕಣ್ಣಿಗಾದರೂ ಬಿದ್ದರೆ ಒಂದು ಸಣ್ಣ ಉಪಕಾರ. ಬಸ್ ಆ್ಯಪನ್ನು ಈಗಲೇ ಅಪ್‌ಡೇಟ್ ಮಾಡಿಕೊಳ್ಳಿ. ಅದಾಗದಿದ್ದರೆ, ನಾಳೆ ಮಧ್ಯಾಹ್ನದವರೆಗೆ ಬಸ್ಸು ಬರಲಿ ಬಿಡಲಿ, ದಯವಿಟ್ಟು ಆ ಹಸಿರು ಬಟನ್ ಮಾತ್ರ —